ಪಶುವೈದ್ಯಕ್ಕೆ ಮುಂಚಿನ ನಾಲ್ಕು ವರ್ಷ

ಅಮೆರಿಕದಲ್ಲಿ ಪಶುವೈದ್ಯೆಯಾಗಲು ಹೊರಟ ಹುಡುಗಿಯ ಹತ್ತಿರ ಒಂದು ಲೆಕ್ಕದ ಹಾಳೆ ಇರುತ್ತದೆ. ಹುಡುಗಿ ಎಂದೇ ಹೇಳುತ್ತೇನೆ. ಅಲ್ಲಿನ ಪಶುವೈದ್ಯ ತರಗತಿಗಳಲ್ಲಿ ಈಗ ಹತ್ತರಲ್ಲಿ ಎಂಟು ಮಂದಿ ಹೆಣ್ಣುಮಕ್ಕಳು. ಹಾಳೆಯಲ್ಲಿ ತಾರೀಕು, ಜಾಗ, ಯಾರ ಕೈಕೆಳಗೆ, ಎಷ್ಟು ಗಂಟೆ. ಶನಿವಾರ ಅನಾಥ ನಾಯಿಗಳ ಶೆಲ್ಟರಿನಲ್ಲಿ ಬೋನು ತೊಳೆದದ್ದು ಒಂದು ಸಾಲು. ಬೇಸಿಗೆ ರಜೆಯಲ್ಲಿ ಪಕ್ಕದ ಕ್ಲಿನಿಕ್ಕಿಗೆ ಹೋಗಿ ಡಾಕ್ಟರ ಬೆನ್ನ ಹಿಂದೆ ನಿಂತು ಬೆಕ್ಕಿನ ಆಪರೇಷನ್ ನೋಡಿದ್ದು ಇನ್ನೊಂದು ಸಾಲು. ಹೈಸ್ಕೂಲು ಮುಗಿಯುವ ಹೊತ್ತಿಗೇ ಹಾಳೆ ತುಂಬಲು ಶುರುವಾಗಿರುತ್ತದೆ.

ಬಹುಪಾಲು ಪಶುವೈದ್ಯ ಕಾಲೇಜುಗಳಿಗೆ ಅರ್ಜಿ ಹೋಗುವುದು ವಿಎಮ್‌ಸಿಎಎಸ್ ಎಂಬ ಒಂದೇ ಬಾಗಿಲಿನಿಂದ. ಸೆಪ್ಟೆಂಬರ್ ನಡುವಿಗೆ ಗಡುವು. ಆ ಅರ್ಜಿ ಅನುಭವವನ್ನು ಬೇರೆ ಬೇರೆ ಖಾತೆಯಾಗಿ ಕೇಳುತ್ತದೆ. ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಕಳೆದ ಗಂಟೆಗಳಿಗೆ ಒಂದು ಖಾತೆ, ಡಾಕ್ಟರಿಲ್ಲದೆ ಪ್ರಾಣಿಗಳ ಜೊತೆ ಕಳೆದ ಗಂಟೆಗಳಿಗೆ ಇನ್ನೊಂದು, ಸಂಶೋಧನೆಗೆ ಮತ್ತೊಂದು. ವಿಸ್ಕಾನ್ಸಿನ್ನಿನ ಹೈನುಗಾರನ ಮಗಳು ಚಿಕ್ಕಂದಿನಿಂದ ನಸುಕಿಗೇ ಎದ್ದು ಕರುಗಳಿಗೆ ಹಾಲು ಕುಡಿಸಿರುತ್ತಾಳೆ, ಅಡ್ಡ ಬಂದ ಕರುವನ್ನು ಅಪ್ಪನ ಜೊತೆ ಸೇರಿ ಎಳೆದು ಉಳಿಸಿರುತ್ತಾಳೆ. ಅದೆಲ್ಲ ಎರಡನೆಯ ಖಾತೆಗೆ ಹೋಗುತ್ತದೆ. ನಗರದ ಹುಡುಗಿ ತಂಪು ಕ್ಲಿನಿಕ್ಕಿನಲ್ಲಿ ಕೈಕಟ್ಟಿಕೊಂಡು ನೋಡಿದ್ದು ಮೊದಲನೆಯ ಖಾತೆಗೆ. ಯಾವ ಖಾತೆಗೆ ಎಷ್ಟು ತೂಕ ಎನ್ನುವುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಆದರೆ ಮೊದಲನೆಯದು ಬರಿದಾಗಿದ್ದರೆ ಎರಡನೆಯದು ಎಷ್ಟು ತುಂಬಿದ್ದರೂ ದಾರಿ ಕಷ್ಟ.

ಇದನ್ನು ಅನ್ಯಾಯ ಅನ್ನಲಾರೆ. ಈ ವೃತ್ತಿಯ ದಿನಚರಿ ಈ ಹುಡುಗಿಗೆ ಗೊತ್ತಿದೆಯೇ, ಅಥವಾ ನಾಯಿಮರಿ ಮುದ್ದು ಅಂತ ಬಂದಿದ್ದಾಳೆಯೇ ಎಂದು ಕಾಲೇಜಿಗೆ ತಿಳಿಯಬೇಕು. ಹೋದ ಮೇಲೆ ಅಳುವುದಕ್ಕಿಂತ ಹೋಗುವ ಮೊದಲೇ ನೋಡಿ ಬರಲಿ ಅನ್ನುವುದು ನ್ಯಾಯವೇ. ನನಗೆ ಕಸಿವಿಸಿಯಾಗುವುದು ಬೇರೆ ಕಡೆ. ಗಂಟೆ ಎಣಿಸಲು ತೊಡಗಿದ ಮೇಲೆ ಆ ಗಂಟೆಯೊಳಗೆ ತನಗೇನಾಯಿತು ಎಂದು ಹುಡುಗಿ ಕೇಳಿಕೊಳ್ಳುವುದು ಕಡಿಮೆಯಾಗುತ್ತದೆ. ಮುದಿ ನಾಯಿಯೊಂದನ್ನು ಮಲಗಿಸಿ ಕೊನೆಯ ಇಂಜೆಕ್ಷನ್ ಕೊಟ್ಟದ್ದನ್ನು ನೋಡಿದ ಸಂಜೆಯೂ, ಹಲ್ಲು ಶುಚಿ ಮಾಡಿದ್ದನ್ನು ನೋಡಿದ ಸಂಜೆಯೂ ಹಾಳೆಯಲ್ಲಿ ಮೂರು ಮೂರು ಗಂಟೆಯೇ. ಅರ್ಜಿಗೆ ಬೇಕಾದದ್ದು ಪುರಾವೆ. ಅವಳಿಗೆ ಬೇಕಾದದ್ದು ಒಂದು ಪ್ರಶ್ನೆಗೆ ಉತ್ತರ: ಇದು ನನ್ನ ಕೈಲಿ ಆಗುತ್ತದೆಯೇ, ಆಗುವುದಾದರೂ ನನಗೆ ಬೇಕೇ? ಪುರಾವೆ ಒದಗಿಸುವ ಆತುರದಲ್ಲಿ ಉತ್ತರ ಹುಡುಕುವುದು ಬಿಟ್ಟುಹೋದರೆ, ಆ ತಪ್ಪಿದ ಉತ್ತರ ಮುಂದೆ ಸಾಲದ ಕಂತಿನ ಜೊತೆ ಬಂದು ಎದುರು ನಿಲ್ಲುತ್ತದೆ.

ಆ ಉತ್ತರ ಹುಡುಕಲು ಅವಳಿಗೆ ಸಿಗುವುದು ಪಶುವೈದ್ಯಕ್ಕೆ ಮುಂಚಿನ ಪದವಿಯ ವರ್ಷಗಳು. ಆದ್ದರಿಂದ ಪಶುವೈದ್ಯಕ್ಕೆ ಮೊದಲು ಯಾವ ಪದವಿ ಓದಬೇಕು ಎನ್ನುವುದು ನೈತಿಕ ಪ್ರಶ್ನೆಯೂ ಹೌದು.

ನಮ್ಮಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಪಿಯುಸಿ ಮುಗಿಯಿತು, ರ‍್ಯಾಂಕ್ ಬಂತು, ಹೆಬ್ಬಾಳವೋ ಬೀದರೋ ಹಾಸನವೋ ಶಿವಮೊಗ್ಗವೋ ಸಿಕ್ಕಿತು. ಇಂಟರ್ನ್‌ಶಿಪ್ಪೂ ಸೇರಿ ಐದೂವರೆ ವರ್ಷ. ಕೃಷಿಕರ ಮಕ್ಕಳ ಕೋಟಾದವರಿಗೆ ಪ್ರಾಯೋಗಿಕ ಪರೀಕ್ಷೆಯೊಂದಿದೆ. ಕೊಟ್ಟಿಗೆಯ ತಿಳಿವಳಿಕೆಗೆ ಅಲ್ಲಿ ಅಷ್ಟು ಮರ್ಯಾದೆ. ಉಳಿದಂತೆ ಹದಿನೆಂಟು ತುಂಬುವ ಹೊತ್ತಿಗೆ ನಿರ್ಧಾರ ಆಗಿಹೋಗಿರುತ್ತದೆ. ಮನುಷ್ಯರ ಡಾಕ್ಟರಾಗಲು ರ‍್ಯಾಂಕ್ ಸಾಲದೆ ಈ ಕಡೆ ಬಂದವರೂ ಅವರಲ್ಲಿ ಇರುತ್ತಾರೆ, ಅವರಲ್ಲೂ ಎಷ್ಟೋ ಮಂದಿ ಆಮೇಲೆ ಕೆಲಸವನ್ನು ಪ್ರೀತಿಸುತ್ತಾರೆ. ಮೊದಲು ಮದುವೆ, ಆಮೇಲೆ ಪ್ರೀತಿ ಎಂಬ ನಮ್ಮ ಹಳೆಯ ಪದ್ಧತಿ ಇಲ್ಲೂ ನಡೆಯುತ್ತದೆ. ಇಂಗ್ಲೆಂಡಿನಲ್ಲೂ ಶಾಲೆ ಮುಗಿಸಿ ನೇರವಾಗಿ ಪಶುವೈದ್ಯಕ್ಕೆ ಹೋಗುವ ರೂಢಿಯೇ ಇದೆ. ಅಮೆರಿಕ ಮಾತ್ರ ನಡುವೆ ನಾಲ್ಕು ವರ್ಷ ಇಟ್ಟಿದೆ. ಮೊದಲು ಒಂದು ಬ್ಯಾಚುಲರ್ ಪದವಿ, ಆಮೇಲೆ ನಾಲ್ಕು ವರ್ಷದ ಡಿವಿಎಮ್ ಎಂಬ ಪಶುವೈದ್ಯ ಪದವಿ. ಕೆಲವು ಕಾಲೇಜುಗಳು ಪದವಿ ಮುಗಿಯದಿದ್ದರೂ ಬೇಕಾದ ವಿಷಯಗಳನ್ನು ಪಾಸು ಮಾಡಿದ್ದರೆ ಸಾಕು ಅನ್ನುತ್ತವೆ. ಆದರೂ ಹೆಚ್ಚಿನವರು ಪದವಿ ಮುಗಿಸಿಯೇ ಹೋಗುತ್ತಾರೆ.

ಈ ನಡುವಣ ನಾಲ್ಕು ವರ್ಷ ಏನು ಓದಬೇಕು? ಅಧಿಕೃತ ಉತ್ತರ ಒಂದೇ ಸಾಲಿನದು: ಏನನ್ನಾದರೂ ಓದಿ. ಪ್ರೀ-ವೆಟ್ ಅನ್ನುವುದು ಬಹುತೇಕ ಕಡೆ ಒಂದು ಪದವಿಯೇ ಅಲ್ಲ, ಸಲಹೆಗಾರರು ಕೊಡುವ ಒಂದು ಪಟ್ಟಿ. ಜೀವಶಾಸ್ತ್ರ, ರಸಾಯನಶಾಸ್ತ್ರ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಜೊತೆಗೆ ಇಂಗ್ಲಿಷ್ ಬರವಣಿಗೆ. ಒಂದು ಕಾಲೇಜು ತಳಿಶಾಸ್ತ್ರ ಬೇಕು ಅನ್ನುತ್ತದೆ, ಇನ್ನೊಂದು ಪ್ರಾಣಿಗಳ ಪೋಷಣೆಯ ಕೋರ್ಸ್ ಕೇಳುತ್ತದೆ, ಮತ್ತೊಂದು ಸಭೆಯಲ್ಲಿ ನಿಂತು ಮಾತಾಡಲು ಕಲಿತಿರಬೇಕು ಅನ್ನುತ್ತದೆ. ಒಂದರ ಪಟ್ಟಿ ಇನ್ನೊಂದಕ್ಕೆ ಪೂರ್ತಿ ಹೊಂದುವುದಿಲ್ಲ. ಇಷ್ಟನ್ನು ಮುಗಿಸಿಕೊಂಡರೆ ಸರಿ, ಮೇಜರ್ ವಿಷಯ ಇತಿಹಾಸವಾದರೂ ಆದೀತು, ಸಂಗೀತವಾದರೂ ಆದೀತು.

ಏನಾದರೂ ಆದೀತು ಅನ್ನುವಷ್ಟು ಭಯಪಡಿಸುವ ಸ್ವಾತಂತ್ರ್ಯ ಬೇರೆ ಇಲ್ಲ. ಅದಕ್ಕೇ ಮಕ್ಕಳೂ ತಂದೆತಾಯಿಯರೂ ಲೆಕ್ಕಾಚಾರಕ್ಕೆ ಇಳಿಯುತ್ತಾರೆ. ಎಲ್ಲಿ ಅಂಕ ಸುಲಭ? ಬಯಾಲಜಿ ತರಗತಿಯಲ್ಲಿ ಪಕ್ಕದಲ್ಲಿ ಕೂರುವವರೆಲ್ಲ ಮನುಷ್ಯರ ಡಾಕ್ಟರಾಗಲು ಹೊರಟವರು, ನೂರಾರು ಮಂದಿ ಕೂರುವ ಕೋಣೆಯಲ್ಲಿ ಒಂದೊಂದು ಅಂಕಕ್ಕೂ ಕಾದಾಟ, ಅಲ್ಲಿ ಬೇಡ. ಚಿಕ್ಕ ಕಾಲೇಜಿನಲ್ಲಿ ಪ್ರಾಧ್ಯಾಪಕರು ಹೆಸರು ಹಿಡಿದು ಕರೆಯುತ್ತಾರೆ, ಶಿಫಾರಸು ಪತ್ರ ಚೆನ್ನಾಗಿ ಬರುತ್ತದೆ, ಅಲ್ಲಿ ಸೇರೋಣ. ಈ ಜಾಣತನವನ್ನು ನಾನು ಹಳಿಯುವುದಿಲ್ಲ. ಅಂಕ ಕೇಳುವ ವ್ಯವಸ್ಥೆಯೊಳಗೆ ಅಂಕದ ಬಗ್ಗೆ ಯೋಚಿಸುವುದು ಪಾಪವಲ್ಲ. ದುಡ್ಡಿನ ಲೆಕ್ಕವಂತೂ ಪುಣ್ಯದ್ದೇ. ಪಶುವೈದ್ಯ ಓದಿ ಹೊರಬರುವಾಗ ಒಂದೂವರೆ ಲಕ್ಷ ಡಾಲರ್ ದಾಟಿದ ಸಾಲ ಅಲ್ಲಿ ಅಪರೂಪವಲ್ಲ, ಮನುಷ್ಯರ ಡಾಕ್ಟರಿಗೆ ಬರುವ ಸಂಬಳ ಪಶುವೈದ್ಯರಿಗೆ ಬರುವುದಿಲ್ಲ. ಹಾಗಿರುವಾಗ ಮೊದಲ ನಾಲ್ಕು ವರ್ಷವನ್ನಾದರೂ ಸಾಲವಿಲ್ಲದೆ, ತಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲೋ, ಮೊದಲೆರಡು ವರ್ಷ ಊರಿನ ಕಮ್ಯುನಿಟಿ ಕಾಲೇಜಿನಲ್ಲೋ ಮುಗಿಸಿಕೊಳ್ಳುವುದು ವಿವೇಕ. ಮಕ್ಕಳ ಕಾಲೇಜಿನ ಹೆಸರನ್ನು ಕಾರಿನ ಹಿಂಗಾಜಿಗೆ ಅಂಟಿಸುವ ಚಪಲವಿರುವ ನಮ್ಮವರಿಗೆ ಇದು ನುಂಗಲಾರದ ತುತ್ತು. ಎರಡೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್ಸುಗಳೇ ಆದರೂ, ‘ಬರ್ಕ್ಲಿ ಸಿಕ್ಕಿರೋವಾಗ ಡೇವಿಸ್ ಯಾಕೆ?’ ಎಂಬ ಪ್ರಶ್ನೆ ಅಲ್ಲಿನ ಫ್ರೀಮಾಂಟಿನ ಕನ್ನಡದ ಮನೆಗಳಲ್ಲಿ ಏಳುವುದು ಸಹಜ. ಅದರ ಹಿಂದೆಯೇ ಇನ್ನೊಂದು ಬರುತ್ತದೆ: ‘ಅಷ್ಟು ವರ್ಷ ಓದೋದಾದ್ರೆ ಮನುಷ್ಯರ ಡಾಕ್ಟರೇ ಆಗಬಹುದಲ್ಲ ಪುಟ್ಟಿ?’ ದನದ ಡಾಕ್ಟರು ಎಂದು ಊರಲ್ಲಿ ಕರೆಯುತ್ತಿದ್ದ ದನಿಯಲ್ಲಿದ್ದ ತಾತ್ಸಾರ ಅಮ್ಮನ ಜೊತೆ ವಿಮಾನ ಹತ್ತಿ ಹೋಗಿರುತ್ತದೆ.

ನನ್ನ ತಕರಾರು ಈ ಜಾಣತನ ಅರ್ಧಕ್ಕೇ ನಿಲ್ಲುವುದರ ಬಗ್ಗೆ. ಈ ಲೆಕ್ಕವೆಲ್ಲ ಸೀಟು ಸಿಕ್ಕೇ ಸಿಗುತ್ತದೆ ಅನ್ನುವುದರ ಮೇಲೆ ನಿಂತಿದೆ. ಪ್ರತಿವರ್ಷ ಸೀಟು ಸಿಗದವರು ಸಾವಿರಾರು ಮಂದಿ. ಮತ್ತೆ ಒಂದು ವರ್ಷ, ಮತ್ತೆ ಅರ್ಜಿ. ನಾಲ್ಕು ವರ್ಷವನ್ನು ಬಸ್ ನಿಲ್ದಾಣದ ಹಾಗೆ ಕಳೆದವರಿಗೆ, ಬಸ್ಸು ಬರದಿದ್ದಾಗ, ತಾವು ಇಷ್ಟು ಹೊತ್ತು ಎಲ್ಲಿದ್ದೆವು ಎಂದೇ ತೋಚುವುದಿಲ್ಲ. ಪಟ್ಟಿಯ ಕೋರ್ಸುಗಳನ್ನು ಟಿಕ್ ಮಾಡಿದ್ದು ಬಿಟ್ಟರೆ ಯಾವ ವಿಷಯದಲ್ಲೂ ಕಾಲೂರಿಲ್ಲ. ಹದಿನೆಂಟರಿಂದ ಇಪ್ಪತ್ತೆರಡು ಎಂದರೆ ಮನಸ್ಸು ಅತಿ ಹಸಿದಿರುವ ವಯಸ್ಸು. ಅದನ್ನು ಇನ್ನೊಂದರ ಮುಂಬಾಗಿಲಾಗಿ ಮಾತ್ರ ಬಳಸಿದರೆ, ಸೀಟು ಸಿಕ್ಕವರಿಗೂ ನಷ್ಟವೇ.

ಇನ್ನು ಅನಿಮಲ್ ಸೈನ್ಸ್. ಪಶುವೈದ್ಯದ ಕನಸಿನವರಲ್ಲಿ ಹೆಚ್ಚಿನವರಿಗೆ ಮೊದಲು ಹೊಳೆಯುವ ಮೇಜರ್ ಇದು. 1862ರ ಮಾರಿಲ್ ಕಾಯ್ದೆ ಜಮೀನು ಮಾರಿದ ಹಣದಿಂದ ವ್ಯವಸಾಯ, ಯಂತ್ರವಿದ್ಯೆ ಕಲಿಸುವ ಕಾಲೇಜುಗಳನ್ನು ಕಟ್ಟಲು ರಾಜ್ಯಗಳಿಗೆ ದಾರಿ ಮಾಡಿಕೊಟ್ಟಿತು. ಆ ಜಮೀನು ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು ಎಂಬುದನ್ನು ಅಲ್ಲಿನ ವಿಶ್ವವಿದ್ಯಾಲಯಗಳೇ ಈಗೀಗ ಒಪ್ಪಿಕೊಳ್ಳುತ್ತಿವೆ. ಅಂಥ ಕಾಲೇಜುಗಳಲ್ಲೊಂದಾದ ಅಯೋವಾ ಸ್ಟೇಟ್ 1879ರಲ್ಲಿ ಆ ದೇಶದ ಮೊದಲ ಸರ್ಕಾರಿ ಪಶುವೈದ್ಯ ಕಾಲೇಜನ್ನು ತೆರೆಯಿತು. ಡೇವಿಸ್ ಮೊದಲಿಗೆ ಬರ್ಕ್ಲಿಯ ಹೊಲವಾಗಿತ್ತು. ಪಶುವೈದ್ಯ ಶಾಲೆ ಅಲ್ಲಿಗೆ ಬಂದದ್ದು 1948ರಲ್ಲಿ. ಇಂಥ ಕಡೆ ಅನಿಮಲ್ ಸೈನ್ಸ್ ಎಂದರೆ ಕ್ಯಾಂಪಸ್ಸಿನೊಳಗೇ ಹಾಲಿನ ಕೊಟ್ಟಿಗೆ, ಹಂದಿಯ ದೊಡ್ಡಿ, ಕುರಿಮಂದೆ, ಕುದುರೆ ಲಾಯ. ಹಾಸ್ಟೆಲ್ ಕಿಟಕಿಗೆ ಸಗಣಿಯ ವಾಸನೆ ಬರುತ್ತದೆ. ಹಸುವಿನ ಹೊಟ್ಟೆಯ ಪಕ್ಕಕ್ಕೆ ತೂತು ಕೊರೆದು ರಬ್ಬರಿನ ಮುಚ್ಚಳ ಕೂರಿಸಿರುತ್ತಾರೆ, ಮುಚ್ಚಳ ತೆಗೆದು ಮೊಣಕೈತನಕ ಕೈಹಾಕಿ ಮೇವು ಹೇಗೆ ಹುದುಗುತ್ತದೆ ಎಂದು ಮುಟ್ಟಿ ನೋಡಬಹುದು. ಹಸು ಮೆಲುಕು ಹಾಕುತ್ತಾ ನಿಂತಿರುತ್ತದೆ. ನೋಡಿದವರಿಗೆ ಕರುಳು ಚುರುಕ್ಕೆನ್ನದಿದ್ದರೆ ಆಶ್ಚರ್ಯ. ಅದೇ ಹೊತ್ತಿಗೆ ಜೀರ್ಣಕ್ರಿಯೆ ಅಂಗೈಗೆ ಅರ್ಥವಾಗುವುದೂ ನಿಜ.

ಅನಿಮಲ್ ಸೈನ್ಸ್ ಹುಟ್ಟಿದ್ದು ಉತ್ಪಾದನೆಗಾಗಿ. ಹಾಲು, ಮೊಟ್ಟೆ, ಮಾಂಸ. ಹಲವು ವಿಭಾಗಗಳಿಗೆ ತಮ್ಮದೇ ಮೀಟ್ ಲ್ಯಾಬ್ ಇದೆ. ಅಲ್ಲಿ ಪ್ರಾಣಿಯನ್ನು ಕೊಯ್ದು, ಕತ್ತರಿಸಿ, ಮಾಂಸವನ್ನು ಊರವರಿಗೆ ಮಾರುತ್ತಾರೆ. ಮಾಂಸದ ಗುಣವನ್ನು ಕಣ್ಣಳತೆಯಲ್ಲೇ ನಿರ್ಣಯಿಸುವ ಅಂತರ ಕಾಲೇಜು ಸ್ಪರ್ಧೆಗಳೂ ನಡೆಯುತ್ತವೆ. ಈಗ ಫ್ರೀಮಾಂಟಿನ ಆ ಮನೆಯನ್ನು ಯೋಚಿಸಿ. ಮೊಟ್ಟೆಯೂ ಒಳಬರದ ಅಡುಗೆಮನೆ. ಹುಡುಗಿ ಸಣ್ಣವಳಿದ್ದಾಗ ರೆಕ್ಕೆ ಮುರಿದ ಹಕ್ಕಿಯನ್ನು ಶೂ ಡಬ್ಬಿಯಲ್ಲಿಟ್ಟು ನೀರು ಕುಡಿಸಿದವಳು, ಹಾಗಾಗಿ ಪಶುವೈದ್ಯೆ ಆಗುತ್ತಾಳೆಂದು ಎಲ್ಲರೂ ಅಂದುಕೊಂಡವರು. ಪ್ರಾಣಿಯ ಮೇಲಿನ ಪ್ರೀತಿಗೆ ಅನಿಮಲ್ ಸೈನ್ಸ್ ಸೇರುತ್ತಾಳೆ. ಮೊದಲ ವರ್ಷದಲ್ಲೇ ತಿಳಿಯುತ್ತದೆ: ಮನುಷ್ಯ ಸಾಕುವ ಪ್ರಾಣಿಗಳಲ್ಲಿ ಬಹುಪಾಲು ಮುಪ್ಪಿನಿಂದ ಸಾಯುವುದಿಲ್ಲ. ಯಾವಾಗ, ಯಾವ ತೂಕಕ್ಕೆ, ಯಾವ ಬೆಲೆಗೆ ಎಂದು ಮೊದಲೇ ಗೊತ್ತುಮಾಡಿದ ದಿನ ಸಾಯುತ್ತವೆ.

ಹಾಲೂ ಇದರಿಂದ ಹೊರತಲ್ಲ ಅನ್ನುವುದು ಇನ್ನೂ ಒರಟು ಸತ್ಯ. ಹೈನು ಕೊಟ್ಟಿಗೆಯಲ್ಲಿ ಹುಟ್ಟಿದ ಗಂಡುಕರು ಹಾಲು ಕೊಡುವುದಿಲ್ಲ. ಹಾಲು ಇಳಿದ ಹಸುವನ್ನು ಮಂದೆಯಿಂದ ತೆಗೆಯುತ್ತಾರೆ. ಸಸ್ಯಾಹಾರದ ತಟ್ಟೆಯಲ್ಲಿರುವ ಮೊಸರಿನ ಹಿಂದೆಯೂ ಆ ಕರು ನಿಂತಿದೆ. ಕರ್ನಾಟಕದ ಹೈನು ಊರುಗಳಲ್ಲೂ ಎಚ್‌ಎಫ್ ತಳಿಯ ಗಂಡುಕರುವಿನ ಪಾಡು ಏನೆಂದು ಹಾಲಿನ ಡೇರಿಗೆ ಹಾಲು ಹಾಕುವ ಯಾರನ್ನಾದರೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಬೇರೆ ಮಾತು ತೆಗೆಯುತ್ತಾರೆ. ಡೇವಿಸ್ಸಿನ ತರಗತಿಯಲ್ಲಿ ಬೇರೆ ಮಾತು ತೆಗೆಯಲಾಗುವುದಿಲ್ಲ, ಅದು ಪಠ್ಯದಲ್ಲಿದೆ.

ಮನೆಯವರು ಇಲ್ಲಿ ತಪ್ಪುವ ಸಾಧ್ಯತೆ ಹೆಚ್ಚು. ‘ಇಷ್ಟು ಸಂಕಟವಾಗೋದಾದ್ರೆ ಬಯಾಲಜಿಗೆ ಬದಲಾಯಿಸ್ಕೋ, ವೆಟ್ ಸ್ಕೂಲಿಗೆ ಹೋದ ಮೇಲೆ ನಾಯಿ ಬೆಕ್ಕು ನೋಡ್ಕೊಂಡ್ರಾಯ್ತು’ ಅನ್ನುತ್ತಾರೆ. ಮಗಳ ಮೃದು ಮನಸ್ಸನ್ನು ಕಾಪಾಡುವ ಅಕ್ಕರೆ ಅದು. ನನಗನ್ನಿಸುವುದು ಸರಿಯಾಗಿ ತಿರುಗುಮುರುಗು. ಪ್ರಾಣಿಪ್ರೀತಿಯನ್ನು ಆದಷ್ಟು ಬೇಗ, ಸಾಲ ಇನ್ನೂ ಹೆಗಲೇರದಿರುವಾಗ, ಹಿಂದೆ ಸರಿಯಲು ಯಾರ ಕ್ಷಮೆಯೂ ಬೇಡದಿರುವಾಗ ಒರೆಗೆ ಹಚ್ಚುವ ಓದೇ ಒಳ್ಳೆಯ ಓದು. ಬಯಾಲಜಿ ಓದಿ, ನಾಯಿಯ ಕ್ಲಿನಿಕ್ಕಿನಲ್ಲಷ್ಟೇ ಗಂಟೆ ತುಂಬಿಸಿ, ಪ್ರೀತಿಯನ್ನು ಹತ್ತಿಯಲ್ಲಿಟ್ಟು ಡಿವಿಎಮ್ ತನಕ ಕೊಂಡೊಯ್ದರೆ, ಅಲ್ಲಿ ಕುದುರೆ, ಹಂದಿ, ಕೋಳಿ, ದನ ಎಲ್ಲವನ್ನೂ ಕಲಿಯಲೇಬೇಕು. ಆಗ ಒಡೆದರೆ ಚೂರುಗಳ ಜೊತೆ ಸಾಲದ ಪತ್ರವೂ ಇರುತ್ತದೆ.

ಒರೆಗೆ ಹಚ್ಚಿದಾಗ ಪ್ರೀತಿ ಸತ್ತೇ ಹೋಗಬೇಕೆಂದಿಲ್ಲ. ಕಸಾಯಿಖಾನೆಯಲ್ಲಿ ಪಶುವೈದ್ಯರು ಇರುತ್ತಾರೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಮಾಂಸದ ತಪಾಸಣೆಗೆ ಅಮೆರಿಕದಲ್ಲಿ 1906ರಿಂದ ಕಾನೂನಿದೆ, ಪ್ರಾಣಿಯನ್ನು ನೋವಾಗದಂತೆ ಕೊಲ್ಲಬೇಕೆಂದು ಹೇಳುವ ಕಾನೂನು 1958ರದು. ಅವನ್ನು ಜಾರಿಗೊಳಿಸಲು ಕೇಂದ್ರ ಕೃಷಿ ಇಲಾಖೆ ನೇಮಿಸಿದ ಪಶುವೈದ್ಯರು ಅಲ್ಲಿ ನಿಂತಿರುತ್ತಾರೆ. ಆ ಕಟ್ಟಡದಲ್ಲಿ ಪ್ರಾಣಿಯ ನೋವನ್ನು ಗಮನಿಸುವುದೇ ಸಂಬಳದ ಕೆಲಸವಾಗಿರುವವರು ಅವರು. ಕುಂಟುತ್ತಾ ಬಂದ ಹಸುವನ್ನು ಕಂಡು ಸಾಲನ್ನು ನಿಲ್ಲಿಸುವ ಅಧಿಕಾರ ಅವರಿಗಿದೆ. ಮಾಂಸ ತಿನ್ನದ ಮನೆಯಿಂದ ಬಂದ ಹುಡುಗಿಗೆ ಆ ಜಾಗದಲ್ಲಿ ಕೆಲಸವಿದೆಯೇ? ಇದೆ ಅನ್ನುವುದಕ್ಕೂ ಇಲ್ಲ ಅನ್ನುವುದಕ್ಕೂ ನನ್ನ ಹತ್ತಿರ ವಾದಗಳಿವೆ. ಅಹಿಂಸೆ ಎಂದರೆ ಹಿಂಸೆಯ ಜಾಗಕ್ಕೆ ಕಾಲಿಡದಿರುವುದೋ, ಅಲ್ಲಿಗೆ ಹೋಗಿ ಅದನ್ನು ತಗ್ಗಿಸುವುದೋ ಎಂಬುದು ಶ್ರವಣಬೆಳಗೊಳದಷ್ಟು ಹಳೆಯ ನಾಡಿನಲ್ಲಿ ಹುಟ್ಟಿದ ನಮಗೆ ಪುಸ್ತಕದ ಪ್ರಶ್ನೆಯಲ್ಲ. ಅವಳೇ ಉತ್ತರಿಸಿಕೊಳ್ಳಲಿ, ಉತ್ತರಿಸಿಕೊಳ್ಳಲು ಆ ಕಟ್ಟಡವನ್ನು ಒಮ್ಮೆಯಾದರೂ ಕಂಡಿರಲಿ.

ದನಗಳ ವರ್ತನೆಯನ್ನು ಅಧ್ಯಯನ ಮಾಡಿದ ಟೆಂಪಲ್ ಗ್ರ್ಯಾಂಡಿನ್ ಅವರ ಹೆಸರು ಇಲ್ಲಿ ಬರಲೇಬೇಕು. ಅವರು ಪಶುವೈದ್ಯೆಯಲ್ಲ. 1970ರಲ್ಲಿ ಪಡೆದ ಮೊದಲ ಪದವಿ ಮನಶ್ಶಾಸ್ತ್ರದ್ದು, ಅನಿಮಲ್ ಸೈನ್ಸ್‌ಗೆ ಬಂದದ್ದು ಆಮೇಲೆ. ದನಗಳು ತಮ್ಮನ್ನು ಸಾಗಿಸುವ ಬೇಲಿಯ ಓಣಿಯಲ್ಲಿ ಮುಂದೆ ಹೋಗದೆ ಹಟ ಹಿಡಿದಾಗ ಆಳುಗಳು ಹೊಡೆಯುತ್ತಿದ್ದರು, ಕರೆಂಟಿನ ಕೋಲು ತಾಗಿಸುತ್ತಿದ್ದರು. ಗ್ರ್ಯಾಂಡಿನ್ ಓಣಿಯೊಳಗೆ ಇಳಿದು ದನದ ಕಣ್ಣಿನ ಎತ್ತರದಲ್ಲಿ ನೋಡಿದರು. ನೇತಾಡುವ ಸರಪಳಿ, ನೆಲಕ್ಕೆ ಬಿದ್ದ ಗೆರೆಯಂಥ ನೆರಳು, ಬೇಲಿಗೆ ಹಾಕಿದ್ದ ಕೋಟು. ಅವನ್ನು ತೆಗೆದರೆ ದನ ತಾನೇ ನಡೆಯುತ್ತದೆ. ಆಟಿಸಂ ಇರುವ ಅವರ ನೋಟದ ರೀತಿಯೇ ಬೇರೆ, ಅದನ್ನು ಯಾವ ಕಾಲೇಜೂ ಕಲಿಸಲಿಲ್ಲ. ಆದರೆ ಈ ಪ್ರಾಣಿಗೆ ಏನು ಕಾಣಿಸುತ್ತಿದೆ ಎಂಬ ಪ್ರಶ್ನೆಯನ್ನು ಮನಶ್ಶಾಸ್ತ್ರ ಓದಿದವರು ಕೇಳಿದ್ದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ. ಪಟ್ಟಿಗೆ ಹೊರಗಿನ ವಿಷಯ ಓದಿದರೆ ವರ್ಷ ವ್ಯರ್ಥ ಅನ್ನುವವರ ಮುಂದೆ ಇಡಲು ಇದೊಂದು ಸಾಕು.

ಇನ್ನೊಂದು ಹಳೆಯ ಕತೆಯೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಟೆಕ್ಸಾಸಿನ ದನಗಳು ಹಾದುಹೋದ ದಾರಿಯಲ್ಲೆಲ್ಲ ಉತ್ತರದ ದನಗಳು ಜ್ವರದಿಂದ ಸಾಯುತ್ತಿದ್ದವು. ಟೆಕ್ಸಾಸಿನವು ಮಾತ್ರ ಗಟ್ಟಿಮುಟ್ಟಾಗಿರುತ್ತಿದ್ದವು. ಉಣುಗುಗಳೇ ಕಾರಣ ಎಂದು ದನಗಾರರು ಹೇಳುತ್ತಿದ್ದರು, ಓದಿದವರು ನಕ್ಕರು. ಥಿಯೊಬಾಲ್ಡ್ ಸ್ಮಿತ್ ಎಂಬ ವೈದ್ಯ, ಎಫ್. ಎಲ್. ಕಿಲ್ಬೋರ್ನ್ ಎಂಬ ಪಶುವೈದ್ಯ ಬೇಲಿ ಹಾಕಿದ ತುಂಡು ಜಮೀನುಗಳಲ್ಲಿ ಪರೀಕ್ಷೆಗೆ ಕೂತರು. ಒಂದು ಕಡೆ ದಕ್ಷಿಣದ ದನಗಳ ಮೈಯಿಂದ ಉಣುಗುಗಳನ್ನು ಕೈಯಿಂದ ಒಂದೊಂದಾಗಿ ಕಿತ್ತುಹಾಕಿ ಉತ್ತರದ ದನಗಳ ಜೊತೆ ಬಿಟ್ಟರು, ಇನ್ನೊಂದು ಕಡೆ ಕೀಳದೆ ಬಿಟ್ಟರು. ಉಣುಗಿದ್ದ ಕಡೆ ದನ ಕಾಯಿಲೆ ಬಿದ್ದವು. 1893ರಲ್ಲಿ ಪ್ರಕಟವಾದ ಆ ಕೆಲಸ, ಕಚ್ಚುವ ಹುಳದಿಂದ ರೋಗ ಹರಡುತ್ತದೆ ಎಂಬುದಕ್ಕೆ ದೊಡ್ಡ ಸಾಕ್ಷಿಯಾಗಿ ನಿಂತಿತು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಉಣುಗಿನಿಂದ ಹರಡುವ ಕಾಯಿಲೆಗೆ ಮಂಗಗಳು ಸತ್ತು ಬಿದ್ದದ್ದನ್ನು ನೋಡಿದ ಮಲೆನಾಡಿನವರಿಗೆ ಉಣುಗಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಾನು ಈ ಕತೆಯನ್ನು ತೆಗೆದದ್ದು ದನಗಾರರ ಮಾತಿಗಾಗಿ. ಪ್ರಾಣಿ ಮಾತಾಡುವುದಿಲ್ಲ, ಅದರ ಪರವಾಗಿ ಮಾತಾಡುವವರ ಮಾತನ್ನು ಕೇಳಲು ಬರಬೇಕು. ಅಮೆರಿಕದ ಹೈನುಮನೆಗಳಲ್ಲಿ ಹಸುವಿನ ಕೆಚ್ಚಲನ್ನು ದಿನವೂ ಮುಟ್ಟುವವರು ಬಹುಮಟ್ಟಿಗೆ ಸ್ಪ್ಯಾನಿಷ್ ಮಾತಾಡುವ ಕೂಲಿಯವರು. ಕೆಚ್ಚಲು ಬಾವು ಮೊದಲು ಕಾಣುವುದು ಅವರ ಬೆರಳಿಗೆ. ನಮ್ಮಲ್ಲಿ ಹಾಲು ಕರೆಯುವವಳು ಹೆಂಗಸು, ಆಸ್ಪತ್ರೆಗೆ ಬಂದು ರೋಗ ವಿವರಿಸುವವನು ಗಂಡಸು. ಅನುಭವವಿರುವ ಡಾಕ್ಟರು ‘ಮನೆಯಲ್ಲಿ ಅಮ್ಮ ಏನಂದ್ರು?’ ಎಂದು ಕೇಳುತ್ತಾರೆ. ಈ ಲೆಕ್ಕದಲ್ಲಿ ಎರಡು ವರ್ಷದ ಸ್ಪ್ಯಾನಿಷ್ ಪಶುವೈದ್ಯೆಗೆ ಎರಡು ವರ್ಷದ ಇನ್ಯಾವುದೇ ಐಚ್ಛಿಕ ವಿಷಯಕ್ಕಿಂತ ಕಡಿಮೆ ವೈದ್ಯವಲ್ಲ. ಅರ್ಜಿಯಲ್ಲಿ ಅದಕ್ಕೆ ಖಾತೆ ಇಲ್ಲ.

ನಾಯಿ ಬೆಕ್ಕಿನ ಕ್ಲಿನಿಕ್ಕೂ ಮೃದುವಾದ ಜಾಗ ಅಂದುಕೊಳ್ಳಬಾರದು. ಆಪರೇಷನ್ನಿಗೆ ಸಾವಿರಾರು ಡಾಲರ್ ಬೇಕು, ಒಡೆಯನ ಬಳಿ ಇಲ್ಲ, ವಾಸಿಯಾಗಬಹುದಾದ ನಾಯಿಗೆ ದಯಾಮರಣ. ಅಮೆರಿಕದ ಪಶುವೈದ್ಯರ ಬದುಕಿನಲ್ಲಿ ಇದು ಮತ್ತೆ ಮತ್ತೆ ಬರುವ ದಿನ. 1979ರಿಂದ 2015ರವರೆಗಿನ ಮರಣಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪಶುವೈದ್ಯೆಯರ ಸಾವುಗಳಲ್ಲಿ ಆತ್ಮಹತ್ಯೆಯ ಪಾಲು ಸಾಮಾನ್ಯ ಜನರಿಗಿಂತ ಮೂರೂವರೆ ಪಟ್ಟು, ಪುರುಷರಲ್ಲಿ ಎರಡು ಪಟ್ಟಿಗೂ ಮೇಲು ಎಂದು ಕಂಡುಬಂತು. ಕಾರಣಗಳು ಹಲವು, ಸಾಲವೂ ಒಂದಿರಬಹುದು. ನಾನು ಇದನ್ನು ಹೆದರಿಸಲು ಹೇಳುತ್ತಿಲ್ಲ. ಆದರೆ ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು ಕಡ್ಡಾಯ ಮಾಡಿ, ಸಾವಿನ ಎದುರು ನಿಲ್ಲುವುದನ್ನು ಕಲಿಸುವ ಒಂದು ತತ್ವಶಾಸ್ತ್ರದ ತರಗತಿಯನ್ನೂ ಪಟ್ಟಿಗೆ ಸೇರಿಸದ ವ್ಯವಸ್ಥೆಯ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಪಟ್ಟಿ ಕೇಳದಿದ್ದರೇನು, ಹುಡುಗಿ ತಾನಾಗಿಯೇ ಓದಬಹುದು. ಅಮೆರಿಕದ ಕಾಲೇಜು ಆ ಅವಕಾಶವನ್ನು ಧಾರಾಳವಾಗಿ ಕೊಡುತ್ತದೆ, ಹದಿನೆಂಟಕ್ಕೇ ಬೀಗ ಹಾಕುವ ನಮ್ಮ ಪದ್ಧತಿ ಕೊಡುವುದಿಲ್ಲ. ಸಿಕ್ಕಿದ ಈ ಬಯಲನ್ನೂ ತಾವಾಗಿಯೇ ಓಣಿ ಮಾಡಿಕೊಂಡು ನಡೆಯುವವರನ್ನು ಕಂಡಾಗ ಬೇಸರವಾಗುತ್ತದೆ.

ಹಿಂದೆ ಸರಿಯುವವರ ಬಗ್ಗೆಯೂ ಒಂದು ಮಾತು. ಎರಡನೆಯ ವರ್ಷದಲ್ಲಿ ‘ಇದು ನನಗಲ್ಲ’ ಎಂದು ಗೊತ್ತಾದ ಹುಡುಗಿಗೆ ಮನೆಯಲ್ಲೂ ಕನ್ನಡ ಸಂಘದ ಯುಗಾದಿ ಊಟದಲ್ಲೂ ಸಿಗುವುದು ಸಮಾಧಾನದ ಮಾತುಗಳು, ಅಂದರೆ ಸೋತವಳಿಗೆ ಹೇಳುವ ಮಾತುಗಳು. ಕೆಮಿಸ್ಟ್ರಿ ಕಷ್ಟವಾಯಿತೇನೋ ಎಂದು ಕೇಳುತ್ತಾರೆ. ಅವಳು ಕಂಡುಕೊಂಡದ್ದು ತನ್ನ ಬಗ್ಗೆ ಒಂದು ನಿಜ. ಅದಕ್ಕೆ ಆ ವಯಸ್ಸಿನಲ್ಲಿ ಧೈರ್ಯ ಬೇಕು. ಅನಿಮಲ್ ಸೈನ್ಸ್ ಪದವಿ ಅವಳನ್ನು ಬೀದಿಗೆ ಬಿಡುವುದಿಲ್ಲ. ಮೇವಿನ ತಂತ್ರ, ತಳಿ, ಆಹಾರ ಸುರಕ್ಷತೆ, ವನ್ಯಜೀವಿ, ಸಂಶೋಧನೆ ಎಂದು ದಾರಿಗಳಿವೆ. ಸಾಹಿತ್ಯ ಓದಿ ಪಟ್ಟಿಯ ಕೋರ್ಸುಗಳನ್ನು ಪಕ್ಕದಲ್ಲಿ ಮಾಡಿದವಳಿಗೂ ಸಾಹಿತ್ಯ ಉಳಿಯುತ್ತದೆ. ಯಾವ ಓದೂ ಉಳಿಯದಿರುವುದು, ಬಾಗಿಲು ದಾಟುವುದಕ್ಕೆಂದೇ ಓದಿದವರಿಗೆ.

ಮೇ 1ರೊಳಗೆ ಕಾಲೇಜು ಗೊತ್ತುಮಾಡಬೇಕಾದ್ದರಿಂದ ಏಪ್ರಿಲ್‌ನಲ್ಲಿ ಮನೆಮಂದಿಯೆಲ್ಲ ಕ್ಯಾಂಪಸ್ ನೋಡಲು ಹೋಗುತ್ತಾರೆ. ಡೇವಿಸ್ಸಿನ ಪಿಕ್ನಿಕ್ ಡೇ ಇರುವುದೂ ಆಗಲೇ. ಗಿಡ್ಡ ಕಾಲಿನ ಡ್ಯಾಶ್‌ಹೌಂಡ್ ನಾಯಿಗಳ ಓಟ ನೋಡಲು ಜನ ಮುಗಿಬೀಳುತ್ತಾರೆ, ನೋಡಬೇಕಾದ್ದೇ. ಹಲವು ಕಾಲೇಜುಗಳಲ್ಲಿ ಕೈಗೆ ಬಣ್ಣದ ಕಾಗದ ಕೊಡುತ್ತಾರೆ, ಎಷ್ಟು ಮಂದಿ ವೆಟ್ ಸ್ಕೂಲ್ ಸೇರಿದರು ಎಂದು ಅದರಲ್ಲಿ ದೊಡ್ಡಕ್ಷರದಲ್ಲಿರುತ್ತದೆ. ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಮಾತಾಡಲು ಸಿಕ್ಕ ಪ್ರಾಧ್ಯಾಪಕರನ್ನು ಎರಡು ವಿಷಯ ಕೇಳಬೇಕು. ಮೊದಲ ವರ್ಷ ಪಶುವೈದ್ಯ ಎಂದು ಬಂದವರಲ್ಲಿ ಮನಸ್ಸು ಬದಲಿಸಿದವರು ಈಗ ಏನು ಮಾಡುತ್ತಿದ್ದಾರೆ? ನಿಮ್ಮ ಕೊಟ್ಟಿಗೆಯಲ್ಲಿ ಈ ವರ್ಷ ಹುಟ್ಟಿದ ಗಂಡುಕರುಗಳು ಎಲ್ಲಿಗೆ ಹೋದವು? ಮೊದಲನೆಯದಕ್ಕೆ ಅವರಿಗೆ ಹೆಸರುಗಳು ನೆನಪಿದ್ದು, ಎರಡನೆಯದಕ್ಕೆ ಸುತ್ತುಬಳಸದೆ ಉತ್ತರ ಕೊಟ್ಟರೆ, ಆಮೇಲೆ ಫೀಸಿನ ಕಾಗದ ಬಿಡಿಸಿ ನೋಡಬಹುದು.